ಊರಿನಲ್ಲಿ ಅನಾಹುತ ಆದ ದಿನ ನೀವು ಕೆಲಸದಲ್ಲಿದ್ದಿರಾ? ಜನ ಹೇಗೆ ನಡೆದುಕೊಂಡರು?

ಅಂಧೇರಿಗೆ ಹೊಸಬಳು:

ನಾನು ಹುಬ್ಬಳ್ಳಿಯವಳು. ಮುಂಬೈಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಅನಾಹುತ ಆದರೆ ಆಫೀಸಿನವರು ಏನು ಮಾಡಬೇಕು ಅಂತ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೆಂಕಿ, ಮಳೆ ಎಲ್ಲ ಬರೆದಾಯಿತು. ಆದರೆ 2006ರ ರೈಲು ಸ್ಫೋಟ, 2008ರ ದಾಳಿಯಂಥದ್ದು ನಡೆದಾಗ ಕೆಲಸದಲ್ಲಿದ್ದವರು ನಿಜವಾಗಿ ಏನು ಮಾಡಿದರು? ನಮ್ಮಲ್ಲಿ ಹಳಬರು ಮಾತೆತ್ತಿದರೆ "ಮಾರನೇ ದಿನವೇ ಎಲ್ಲರೂ ಕೆಲಸಕ್ಕೆ ಬಂದರು, ಅದೇ ಮುಂಬೈ" ಅನ್ನುತ್ತಾರೆ. ಅದನ್ನೂ ಬರೆಯಬೇಕಂತೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಆಗ ಇದ್ದವರು ಹೇಳಿ, ಪ್ಲೀಸ್.

ಬೊರಿವಲಿ ಫಾಸ್ಟ್:

2006ರ ಜುಲೈ 11, ಮಂಗಳವಾರ. ನಾನು ಚರ್ಚ್‌ಗೇಟ್ ಹತ್ತಿರದ ಒಂದು ಕಂಪನಿಯ ಅಕೌಂಟ್ಸ್‌ನಲ್ಲಿದ್ದೆ. ಸಂಜೆ 6.24ರಿಂದ 11 ನಿಮಿಷದೊಳಗೆ ಏಳು ಬಾಂಬ್, ಎಲ್ಲ ವೆಸ್ಟರ್ನ್ ಲೈನ್ ಲೋಕಲ್ ರೈಲುಗಳ ಫಸ್ಟ್ ಕ್ಲಾಸ್ ಡಬ್ಬಿಗಳಲ್ಲಿ. ನಮಗೆ ಎಲ್ಲ ಒಟ್ಟಿಗೇ ಗೊತ್ತಾಗಲಿಲ್ಲ. ಮಾಹಿಮ್, ಬಾಂದ್ರಾ, ಖಾರ್, ಜೋಗೇಶ್ವರಿ, ಹೀಗೆ ಒಂದೊಂದೇ ಸ್ಟೇಷನ್ ಹೆಸರು ಟಿವಿಯಲ್ಲಿ ಬರುತ್ತಾ ಹೋಯಿತು, ಪ್ರತಿ ಹೆಸರಿಗೂ ಯಾರಾದರೊಬ್ಬರು ಕುರ್ಚಿ ಬಿಟ್ಟು ಏಳುತ್ತಿದ್ದರು, ಯಾಕಂದ್ರೆ ಸರಿಯಾದ ಟೈಮಿಗೆ ಆಫೀಸು ಬಿಟ್ಟವರು ಆ ಗಾಡಿಗಳಲ್ಲೇ ಇರಬೇಕಿತ್ತು.

ಮೊಬೈಲ್ ಹತ್ತಲಿಲ್ಲ. ನಮ್ಮ ಟೆಲಿಫೋನ್ ಆಪರೇಟರ್ ಒಬ್ಬರು ಮರಾಠಿ ಹೆಂಗಸು. ಡ್ಯೂಟಿ ಮುಗಿದು ಬ್ಯಾಗ್ ಹೆಗಲಿಗೇರಿಸಿದ್ದವರು ವಾಪಸ್ ಬಂದು ಕೂತರು. ಹಾಜರಿ ಪುಸ್ತಕ ತರಿಸಿಕೊಂಡು, ಒಬ್ಬೊಬ್ಬರ ಮನೆಯ ಲ್ಯಾಂಡ್‌ಲೈನಿಗೂ ಫೋನ್ ಹಚ್ಚಿದರು. ಮನೆ ತಲುಪಿದವರ ಹೆಸರಿಗೆ ಪೆನ್ಸಿಲ್ ಗುರುತು. ಹೀಗೆ ಮಾಡಿ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಬೇರೆ ಮಾರ್ಗವಾದ ಸೆಂಟ್ರಲ್ ಲೈನಿನಲ್ಲಿ ಓಡಾಡುವವರು ವೆಸ್ಟರ್ನ್‌ನವರನ್ನು ಮನೆಗೆ ಕರೆದುಕೊಂಡು ಹೋದರು. ನನಗೆ ಮುಲುಂಡ್‌ನ ಒಬ್ಬ ಪ್ಯೂನ್ ಮನೆಯಲ್ಲಿ ಊಟ, ಹಾಸಿಗೆ ಎಲ್ಲ ಸಿಕ್ಕಿತು. ಅವರದು ಒಂದೇ ಕೋಣೆ.

ಅದೇ ಹೊತ್ತಿಗೆ ನಮ್ಮ ಸಾಹೇಬರು ಬಾಗಿಲು ಹಾಕಿಕೊಂಡು ಒಂದು ಸ್ಟೇಟ್‌ಮೆಂಟ್ ಬೇಕು ಅಂತ ಕೇಳುತ್ತಿದ್ದರು. ಮಾರನೇ ದಿನ ಬಾರದವರ ರಜೆ ಹಿಡಿದರು. ಅದರಲ್ಲಿ ಒಬ್ಬ ತನ್ನ ತಮ್ಮನನ್ನು ಹುಡುಕುತ್ತಾ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಿಮ್ಮ ಹಳಬರು ಹೇಳುವುದು ಸುಳ್ಳಲ್ಲ. ಮಾರನೇ ಬೆಳಿಗ್ಗೆ ಲೋಕಲ್ ಓಡಿತು, ನಾನೂ ಕೆಲಸಕ್ಕೆ ಹೋದೆ. ಆದರೆ 180ಕ್ಕೂ ಹೆಚ್ಚು ಜನ ಸತ್ತಿದ್ದರು, ರಜೆ ಹೋಗುತ್ತದೆ ಅಂತ ಹೆದರಿ ಬಂದವರೂ ನಮ್ಮಲ್ಲಿದ್ದರು. ಅವರನ್ನು ತೋರಿಸಿ ಊರಿನ ಧೈರ್ಯ ಅಂದುಬಿಟ್ಟರೆ ರಜೆ ಹಿಡಿದ ಸಾಹೇಬರನ್ನು ಯಾರು ಕೇಳಬೇಕು?

ಫೋರ್ಟಿನ ಕುಂದಾಪುರದವ:

ತಂಗಿ, 2008ರ ನವೆಂಬರ್ 26ರಂದು ನಾನು ಸಿಎಸ್‌ಟಿ ರೈಲು ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಸಪ್ಲೈಯರ್. ಅವತ್ತು ಕಟಕ್‌ನಲ್ಲಿ ಇಂಗ್ಲೆಂಡ್ ಮೇಲೆ ನಮ್ಮವರು ಮ್ಯಾಚ್ ಗೆದ್ದಿದ್ದರು, ಗುಂಡಿನ ಸದ್ದು ಕೇಳಿ ಪಟಾಕಿ ಅಂದುಕೊಂಡೆವು. ಆಮೇಲೆ ಜನ ಓಡಿ ಬಂದರು. ಮ್ಯಾನೇಜರ್ ಗಲ್ಲಾ ಬಿಟ್ಟು ಎದ್ದು, ಶಟರ್ ಅರ್ಧ ಎಳೆದು ಹಿಡಿದು ನಿಂತರು. ಬರುವವರೆಲ್ಲ ಒಳಗೆ ಬಂದ ಮೇಲೇ ಪೂರ್ತಿ ಎಳೆದದ್ದು. ಲೈಟ್ ಆರಿಸಿದೆವು. ಭಟ್ಟರು ಕತ್ತಲಲ್ಲೇ ಮಕ್ಕಳಿಗೆ ಹಾಲು ಕಾಯಿಸಿದರು. ಬೆಳಗಿನ ತನಕ ಬಿಲ್ ಅನ್ನುವ ಮಾತೇ ಇಲ್ಲ. ಒಬ್ಬ ಗಿರಾಕಿ ಮಾತ್ರ "ಇನ್ನು ಯಾರನ್ನೂ ಬಿಡಬೇಡಿ" ಅಂತ ಕೂಗುತ್ತಲೇ ಇದ್ದರು. ಅವರನ್ನೂ ಬಯ್ಯಲಾರೆ, ತೊಡೆಯ ಮೇಲೆ ಮಗು ಇತ್ತು.

ಬೊರಿವಲಿ ಸರ್ ಹೇಳಿದ್ದು ಸರಿ, ಆದರೆ ನಮ್ಮಂಥವರಿಗೆ ಹೋಟೆಲೇ ಮನೆ. ಅಲ್ಲೇ ಕೆಲಸ, ಅಲ್ಲೇ ನಿದ್ದೆ. ಮಾರನೇ ದಿನ ಬರುವುದು ಬಿಡುವುದು ಅನ್ನುವ ಪ್ರಶ್ನೆಯೇ ಇರಲಿಲ್ಲ.

ರಿಟೈರ್ಡ್ ಸಿಸ್ಟರ್, ಡೊಂಬಿವಲಿ:

ಆ ರಾತ್ರಿ ಸಿಎಸ್‌ಟಿಯಲ್ಲಿ ಅನೌನ್ಸರ್ ವಿಷ್ಣು ಝೆಂಡೆ ಮೈಕ್ ಬಿಡಲಿಲ್ಲ, ಯಾವ ಕಡೆಯಿಂದ ಹೊರಗೆ ಹೋಗಬೇಕು ಅಂತ ಹೇಳುತ್ತಲೇ ಇದ್ದರು. ಕಾಮಾ ಆಸ್ಪತ್ರೆಯಲ್ಲಿ ನರ್ಸ್ ಅಂಜಲಿ ಕುಲ್ತೆ ವಾರ್ಡಿನ 20 ಗರ್ಭಿಣಿಯರನ್ನು ಒಂದು ಸಣ್ಣ ಪ್ಯಾಂಟ್ರಿಯೊಳಗೆ ಸೇರಿಸಿ ಕಾಪಾಡಿದರು. ಇಬ್ಬರೂ ಮಾಡಿದ್ದು ತಾವು ದಿನಾ ಮಾಡುವ ಕೆಲಸವನ್ನೇ ಅಲ್ವಾ? ತಮ್ಮ ವಾರ್ಡು, ತಮ್ಮ ಮೈಕು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಯಾರ ಅಪ್ಪಣೆಗೂ ಕಾಯಲಿಲ್ಲ. ನಿಮ್ಮ ಕಾಗದದಲ್ಲಿ "ಮೇಲಿನವರ ಸೂಚನೆಗೆ ಕಾಯಿರಿ" ಅಂತಿದ್ದರೆ ದಯವಿಟ್ಟು ಹೊಡೆದು ಹಾಕಮ್ಮ. ತಾಜ್ ಹೋಟೆಲಿನಲ್ಲೂ ಅತಿಥಿಗಳನ್ನು ಹೊರಗೆ ಕಳಿಸಲು ನಿಂತು ಪ್ರಾಣ ಕಳೆದುಕೊಂಡವರಲ್ಲಿ ಅಡುಗೆಮನೆಯವರಿದ್ದರು.

ಬೊರಿವಲಿ ಫಾಸ್ಟ್:

ಸಿಸ್ಟರ್ ಹೇಳಿದ ಮೇಲೆ ಒಂದು ಮಾತು ನೆನಪಾಯಿತು. ನಮ್ಮ ಹಾಜರಿ ಪುಸ್ತಕದಲ್ಲಿ ಕ್ಯಾಂಟೀನ್ ಹುಡುಗರ ಹೆಸರೇ ಇರಲಿಲ್ಲ. ಅವರು ಮನೆ ಸೇರಿದರಾ ಅಂತ ನೋಡಲು ಆ ಆಪರೇಟರ್‌ಗೆ ನಂಬರೇ ಸಿಗಲಿಲ್ಲ. ನಿಮ್ಮಲ್ಲಿ ವಾಚ್‌ಮನ್, ಹೌಸ್‌ಕೀಪಿಂಗ್‌ನವರ ನಂಬರ್ ಇದೆಯಾ ನೋಡಿ. ಮೊಬೈಲ್‌ನಲ್ಲಿ ಇದ್ದರೆ ಸಾಲದು, ಕಾಗದದಲ್ಲೂ ಇರಲಿ.

ಅಂಧೇರಿಗೆ ಹೊಸಬಳು:

ನೋಡಿದೆ ಸರ್, ಇಲ್ಲ. ಅವರೆಲ್ಲ ಕಾಂಟ್ರಾಕ್ಟರ್ ಕಡೆಯವರು. ಇವತ್ತೇ ಹೆಸರು, ಮನೆಯ ನಂಬರ್ ಕೇಳಿದ್ದೇನೆ. "ಸೂಚನೆಗೆ ಕಾಯಿರಿ" ಅಂತ ನಿಜವಾಗಲೂ ಬರೆದಿದ್ದೆ ಸಿಸ್ಟರ್, ತೆಗೆದೆ. ಮಾರನೇ ದಿನದ ಸಾಲಿನ ಜಾಗದಲ್ಲಿ "ಬರಲಾಗದವರ ರಜೆ, ಸಂಬಳ ಹಿಡಿಯುವಂತಿಲ್ಲ" ಅಂತ ಸೇರಿಸಿದ್ದೇನೆ. ಸೋಮವಾರ ಮೀಟಿಂಗ್ ಇದೆ, ಅಲ್ಲಿ ಒಪ್ಪಿಸಬೇಕು.