ಅಪ್‌ಡೇಟ್: ಅರ್ಥ್‌ಸೀ ಮೂರೂ ಮುಗೀತು

ಹೋದ ತಿಂಗಳು ಕೇಳಿದ್ನಲ್ಲ, ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಫ್ಯಾಂಟಸಿ ಕಾದಂಬರಿಗಳಲ್ಲಿ ಮೊದಲ ಮೂರನ್ನ ಮತ್ತೆ ಓದ್ತಾ ಎರಡನೇ ಬುಕ್ಕಲ್ಲಿ ಸಿಕ್ಕಾಕೊಂಡಿದೀನಿ, ಬಿಟ್ಟು ಮೂರನೇದಕ್ಕೆ ಹೋಗ್ಲಾ ಅಂತ. ಬೇಡ ಅಂದ್ರಿ, ಥ್ಯಾಂಕ್ಸ್. 1968ರ ಮೊದಲನೇದು ಪೂರ್ತಿ ಸಮುದ್ರ, ಗಾಳಿ, ದೋಣಿ. ಅದಾದ್ಮೇಲೆ 1971ರದ್ದು ತೆಗೆದ್ರೆ ಉಸಿರೇ ಕಟ್ಟುತ್ತೆ, ಯಾಕಂದ್ರೆ ಮೊದಲನೇದರ ಹೀರೋ, ಮಾಂತ್ರಿಕ ಗೆಡ್ ಬರೋಕೇ ಎಷ್ಟೋ ಪುಟ ಬೇಕು, ಅಲ್ಲೀವರೆಗೂ ಟೆನಾರ್ ಅನ್ನೋ ಹುಡುಗಿ ದೀಪ ಹಚ್ಚಬಾರದ ನೆಲದಡಿ ಕತ್ತಲಲ್ಲಿ ಗೋಡೆ ಮುಟ್ಕೊಂಡು ತಿರುವು ಎಣಿಸ್ತಾ ನಡೀತಿರ್ತಾಳೆ. ಕಾಲೇಜಲ್ಲಿ ಬೋರ್ ಅನ್ಸಿತ್ತು, ಈಗ ನಂಗೆ ಇದೇ ಬೆಸ್ಟು. 1972ರ ಮೂರನೇದು ಬರೀ ಸುಸ್ತು, ಬೂದಿ ಬಣ್ಣ. ಮಾಂತ್ರಿಕರಿಗೆ ಮಂತ್ರಾನೇ ಮರೆತುಹೋಗುತ್ತೆ, ಸತ್ತವರು ಸೇರೋ ಆ ಒಣ ನಾಡಲ್ಲಿ ಪ್ರೀತಿಗಾಗಿ ಸತ್ತವರು ಬೀದೀಲಿ ಎದುರಾದ್ರೂ ಸುಮ್ನೆ ದಾಟಿ ಹೋಗ್ತಾರೆ. ಅಬ್ಬಾ, ಅದನ್ನ ರಾತ್ರಿ ಒಬ್ಬನೇ ಕೂತು ಓದಬಾರ್ದಿತ್ತು.