ಅಪ್‌ಡೇಟ್: ತಮ್ಮನಿಗೆ ಕೊನೆಗೂ ಶಸ್ತ್ರಚಿಕಿತ್ಸೆಯನ್ನೇ ಮಾಡಿಸಿದೆವು
ತೀರ್ಥಹಳ್ಳಿ ಬಳಿಯ ಊರಿನಲ್ಲಿರುವ ನನ್ನ ತಮ್ಮನ ಅಪೆಂಡಿಸೈಟಿಸ್ (ಕರುಳಿಗೆ ಅಂಟಿಕೊಂಡಿರುವ ಅಪೆಂಡಿಕ್ಸ್ ಎಂಬ ಪುಟ್ಟ ಚೀಲದ ಉರಿಯೂತ) ಆಪರೇಷನ್ ಇಲ್ಲದೆ, ಆ್ಯಂಟಿಬಯಾಟಿಕ್‌ನಿಂದಲೇ ಗುಣವಾದೀತೇ ಎಂದು ಹಿಂದೆ ಕೇಳಿದ್ದೆ. ಶಿವಮೊಗ್ಗದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ, ಅಪೆಂಡಿಕ್ಸ್ ಒಡೆದಿರಲಿಲ್ಲವಾದರೂ ಅದರೊಳಗೆ ಗಟ್ಟಿಯಾದ ಹರಳೊಂದು ಸಿಕ್ಕಿಕೊಂಡಿರುವುದು ಕಂಡಿತು. ಔಷಧಿಯಿಂದಲೇ ಚೇತರಿಸಿಕೊಳ್ಳುವವರು ಅನೇಕರಿದ್ದರೂ ಹರಳಿದ್ದಾಗ ಅದು ವಿಫಲವಾಗುವ ಸಂಭವ ಹೆಚ್ಚೆಂದು ಸರ್ಜನ್ ತಾಳ್ಮೆಯಿಂದ ಬಿಡಿಸಿ ಹೇಳಿದರು. 2020ರಲ್ಲಿ ಪ್ರಕಟವಾದ ಅಮೆರಿಕದ ಕೋಡಾ ಅಧ್ಯಯನದಲ್ಲಿ ಆ್ಯಂಟಿಬಯಾಟಿಕ್ ಪಡೆದ 10 ಮಂದಿಯಲ್ಲಿ ಸುಮಾರು 3 ಮಂದಿಗೆ, ಹರಳಿದ್ದವರಲ್ಲಾದರೆ ಸುಮಾರು 4 ಮಂದಿಗೆ, 90 ದಿನಗಳೊಳಗೇ ಶಸ್ತ್ರಚಿಕಿತ್ಸೆ ಬೇಕಾಗಿತ್ತು. ಮಳೆಗಾಲದ ನಡುರಾತ್ರಿ ನೋವು ಮರುಕಳಿಸಿದರೆ ಘಟ್ಟದ ಅಂಚಿನ ನಮ್ಮೂರಿನಿಂದ ಆಸ್ಪತ್ರೆ ಮುಟ್ಟುವುದು ಎಷ್ಟು ಕಷ್ಟವೆಂಬುದು ಮಲೆನಾಡಿನವರಿಗೆ ಗೊತ್ತು; ನನ್ನ ಮಟ್ಟಿಗೆ ಆ ಭಯವೇ ನಿರ್ಣಾಯಕವಾಯಿತು. ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನಷ್ಟೇ ಮಾಡಿ, ಅಪೆಂಡಿಕ್ಸ್ ತೆಗೆದರು, ಮೂರನೆಯ ದಿನ ಅವನು ಮನೆಗೆ ಬಂದ. ಕೆಲವು ವಾರ ಭಾರ ಎತ್ತಬಾರದೆಂದು ಹೇಳಿರುವುದರಿಂದ ತೋಟದ ಕೆಲಸವನ್ನು ಸದ್ಯಕ್ಕೆ ನಾನೇ ನೋಡಿಕೊಳ್ಳುತ್ತಿದ್ದೇನೆ.