ಅಕ್ಕನಿಗೆ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಬಹುದಾ? ಅನುಭವ ಇರುವವರು ತಿಳಿಸಿ

ನನ್ನ ಅಕ್ಕನಿಗೆ 41 ವರ್ಷ. ಎತ್ತರ 157 ಸೆಂ.ಮೀ., ತೂಕ 104 ಕೆಜಿ. ಶುಗರ್ ಇದೆ, ಎದೆಯುರಿಯೂ ಜಾಸ್ತಿ. ಡಯಟ್, ವಾಕಿಂಗ್ ಎಲ್ಲಾ ಆಯಿತು, ಇಳಿದ ತೂಕ ಮತ್ತೆ ಏರುತ್ತದೆ. ಡಾಕ್ಟರ್ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿ ಅಂದಿದ್ದಾರೆ. ಮನೆಯಲ್ಲಿ ಎಲ್ಲರಿಗೂ ಭಯ. ನಾವು ಸಸ್ಯಾಹಾರಿಗಳು. ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ಮೈಸೂರಿನಿಂದ:

ನಾನು 2021ರಲ್ಲಿ ಮಾಡಿಸಿಕೊಂಡೆ. ನನಗೂ ಶುಗರ್, ನನಗೂ ಎದೆಯುರಿ. ಒಳಗೆ ಏನು ಮಾಡುತ್ತಾರೆ ಅನ್ನೋದನ್ನು ಮೊದಲು ಮನೆಯವರಿಗೆ ಬಿಡಿಸಿ ಹೇಳಿ, ಅರ್ಧ ಭಯ ಅಲ್ಲೇ ಹೋಗುತ್ತದೆ. ಜಠರವನ್ನು ತೆಗೆದು ಬಿಸಾಡುವುದಿಲ್ಲ. ಅದರ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಯುವಷ್ಟು ಸಣ್ಣ ಚೀಲ ಮಾಡುತ್ತಾರೆ. ಸಣ್ಣ ಕರುಳನ್ನು ಕತ್ತರಿಸಿ, ಕೆಳಗಿನ ತುದಿಯನ್ನು ಮೇಲೆ ತಂದು ಆ ಚೀಲಕ್ಕೆ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ. ಅದರ ರಸ, ಪಿತ್ತರಸ ಎಲ್ಲಾ ಬೇರೆ ದಾರಿಯಲ್ಲಿ ಬಂದು ಸ್ವಲ್ಪ ಕೆಳಗೆ ಊಟದ ಜೊತೆ ಸೇರುತ್ತವೆ. ಈಗ ಇದನ್ನೆಲ್ಲ ಸಣ್ಣ ತೂತುಗಳ ಮೂಲಕವೇ ಮಾಡುತ್ತಾರೆ. ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ 1960ರ ದಶಕದಲ್ಲೇ ಶುರು ಮಾಡಿದ ಆಪರೇಷನ್ ಇದು, ನಿನ್ನೆ ಮೊನ್ನೆಯ ಪ್ರಯೋಗವಲ್ಲ.

ತೂಕ ಇಳಿಸುವ ಇನ್ನೊಂದು ಆಪರೇಷನ್ ಸ್ಲೀವ್, ಅದು ಯಾಕೆ ಬೇಡ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗವನ್ನು ತೆಗೆದೇ ಬಿಡುತ್ತಾರೆ. ಅದಾದ ಮೇಲೆ ಕೆಲವರಿಗೆ ಎದೆಯುರಿ ಹೆಚ್ಚಾಗುತ್ತದೆ. ಅಕ್ಕನಿಗೆ ಬೈಪಾಸ್ ಹೇಳಿರುವುದು ಬಹುಶಃ ಅದಕ್ಕೇ.

ತೂಕ ಇಳಿಯುವ ಮುಂಚೆಯೇ ನನ್ನ ಶುಗರ್ ಇಳಿಯಿತು. ಊಟದ ದಾರಿ ಬದಲಾದಾಗ ಕರುಳಿನ ಹಾರ್ಮೋನುಗಳೂ ಬದಲಾಗುತ್ತವಂತೆ. ಆದರೆ ಎಲ್ಲರಿಗೂ ಶುಗರ್ ಪೂರ್ತಿ ಹೋಗುವುದಿಲ್ಲ. ಬಹಳ ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರಿಗೆ ಇನ್ನೂ ಕಷ್ಟ. ಮಾತ್ರೆ ಕಡಿಮೆ ಮಾಡುವುದೇನಿದ್ದರೂ ಡಾಕ್ಟರನ್ನು ಕೇಳಿಯೇ.

ಈಗ ಅಡುಗೆಮನೆ ವಿಷಯ. ನನ್ನ ಪ್ರಕಾರ ನೀವು ಯೋಚಿಸಬೇಕಾದದ್ದು ಇದನ್ನೇ. ಆಪರೇಷನ್ ಎರಡು ಮೂರು ಗಂಟೆಯಲ್ಲಿ ಮುಗಿಯುತ್ತದೆ, ತಟ್ಟೆ ಮಾತ್ರ ಜೀವನಪೂರ್ತಿ ಬದಲಾಗುತ್ತದೆ. ಮೊದಲು ತಿಳಿ ಮಜ್ಜಿಗೆ, ಬೇಳೆ ಕಟ್ಟು. ಆಮೇಲೆ ರುಬ್ಬಿದ್ದು, ಮೆತ್ತಗಿನದ್ದು. ಗಟ್ಟಿ ಊಟಕ್ಕೆ ಬರಲು ಒಂದೂವರೆ ಎರಡು ತಿಂಗಳು ಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಅನ್ನುತ್ತಾರೆ. ಅನ್ನ ಸಾರು ತಿನ್ನುವ ಮನೆಯಲ್ಲಿ ಇದು ಸುಲಭವಲ್ಲ. ನಾನು ತಟ್ಟೆಯಲ್ಲಿ ಮೊದಲು ಪನೀರ್, ಹೆಸರುಕಾಳು, ಗಟ್ಟಿ ಮೊಸರು ಮುಗಿಸುತ್ತೇನೆ. ಹೊಟ್ಟೆಯಲ್ಲಿ ಜಾಗ ಉಳಿದರೆ ಅನ್ನ. ಶುರುವಿನ ತಿಂಗಳುಗಳಲ್ಲಿ ಪ್ರೋಟೀನ್ ಪುಡಿ ಇಲ್ಲದೆ ಆಗಲೇ ಇಲ್ಲ.

ಮುದ್ದೆ ಬಗ್ಗೆ ಹೇಳಲೇಬೇಕು. ನಾವು ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಈ ಸಣ್ಣ ಚೀಲಕ್ಕೆ ಅದು ಆಗುವುದಿಲ್ಲ, ಎದೆಯಲ್ಲಿ ಸಿಕ್ಕಿಕೊಂಡ ಹಾಗಾಗಿ ವಾಂತಿಯಾಗುತ್ತದೆ. ಪ್ರತಿ ತುತ್ತೂ ನುಣ್ಣಗಾಗುವವರೆಗೆ ಅಗಿಯಬೇಕು. ಊಟದ ಜೊತೆ ನೀರು ಕುಡಿಯಬಾರದು, ಊಟವಾಗಿ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು.

ಸಿಹಿಗೆ ಡಂಪಿಂಗ್ ಆಗುತ್ತದೆ, ಅಂದರೆ ತಿಂದದ್ದು ಚೀಲದಿಂದ ಬೇಗನೆ ಕರುಳಿಗೆ ಇಳಿದು ಮೈಗೆ ಆಗಿಬರುವುದಿಲ್ಲ. ಯುಗಾದಿಗೆ ನಮ್ಮತ್ತೆ ಪ್ರೀತಿಯಿಂದ ಅರ್ಧ ಹೋಳಿಗೆ ಬಡಿಸಿದರು. ಕಾಲು ಗಂಟೆಯಲ್ಲಿ ಎದೆ ಡವಡವ, ಮೈಯೆಲ್ಲಾ ಬೆವರು, ಹೊಟ್ಟೆ ನುಲಿತ. ಮಲಗಿದ ಮೇಲೆ ಸರಿಹೋಯಿತು. ಅಂದಿನಿಂದ ಅತ್ತೆಯೇ ಬೇರೆಯವರಿಗೆ "ಅವಳಿಗೆ ಒತ್ತಾಯ ಮಾಡಬೇಡಿ" ಅನ್ನುತ್ತಾರೆ. ಬಡಿಸುವವರಿಗೆ ಮೊದಲೇ ಹೇಳಿಡಿ ತಮ್ಮಾ, ನಮ್ಮ ಕಡೆ ಒತ್ತಾಯ ಮಾಡದಿದ್ದರೆ ಉಪಚಾರವೇ ಅಲ್ಲ ಅನ್ನುತ್ತಾರಲ್ವಾ.

ಹುಬ್ಬಳ್ಳಿಯಿಂದ:

ನನ್ನ ಹೆಂಡತಿಗೆ ಆಗಿದೆ. ಮೇಡಂ ಊಟದ ಬಗ್ಗೆ ಹೇಳಿದ್ದಾರೆ, ನಾನು ಮಾತ್ರೆ ಬಗ್ಗೆ ಹೇಳುತ್ತೇನೆ. ಕಬ್ಬಿಣದ ಅಂಶವನ್ನು ಹೆಚ್ಚಾಗಿ ಹೀರುವುದು ಸಣ್ಣ ಕರುಳಿನ ಮೊದಲ ಭಾಗ. ಬೈಪಾಸ್ ಆದ ಮೇಲೆ ಊಟ ಅಲ್ಲಿ ಹೋಗುವುದೇ ಇಲ್ಲ. ಹಾಗಾಗಿ ಕಬ್ಬಿಣ, ಬಿ12, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ. ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆ, ಆಪರೇಷನ್‌ಗೆ ಮುಂಚೆಯೇ ಟೆಸ್ಟ್ ಮಾಡಿಸಿ ಸರಿಮಾಡಿಕೊಳ್ಳಿ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ಒಟ್ಟಿಗೆ ಬೇಡ, ಎರಡು ಗಂಟೆ ಅಂತರ ಇರಲಿ.

ಮಂಡಿನೋವಿಗೆ ಅಂತ ಇವಳಿಗೆ ಒಂದು ಮೆಡಿಕಲ್ ಶಾಪ್‌ನಲ್ಲಿ ಡೈಕ್ಲೋಫಿನ್ಯಾಕ್ ಕೊಟ್ಟರು. ಕೆಲವೇ ವಾರದಲ್ಲಿ ಹೊಟ್ಟೆನೋವು, ಎಂಡೋಸ್ಕೋಪಿ ಮಾಡಿದರೆ ಜೋಡಣೆಯ ಜಾಗದಲ್ಲೇ ಅಲ್ಸರ್! ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆ ಮುಟ್ಟಲೇಬಾರದು. ಸಿಗರೇಟಿನಿಂದಲೂ ಇದೇ ಅಲ್ಸರ್ ಬರುತ್ತದೆ. ಈಗ ಅವಳ ಪರ್ಸಿನಲ್ಲಿ "ಗ್ಯಾಸ್ಟ್ರಿಕ್ ಬೈಪಾಸ್ ಆಗಿದೆ" ಅಂತ ಬರೆದ ಚೀಟಿ ಇದೆ, ಹಲ್ಲಿನ ಡಾಕ್ಟರಿಗೂ ತೋರಿಸುತ್ತಾಳೆ.

ಇನ್ಶೂರೆನ್ಸ್: ಹೆಲ್ತ್ ಪಾಲಿಸಿಗಳ ಸ್ಟ್ಯಾಂಡರ್ಡ್ ಷರತ್ತಿನಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 40 ಅಥವಾ ಹೆಚ್ಚಿದ್ದರೆ ಈ ಆಪರೇಷನ್ನಿಗೆ ದಾರಿ ಇದೆ. 35ರ ಮೇಲಿದ್ದರೆ ಜೊತೆಗೆ ಹತೋಟಿಗೆ ಬಾರದ ಶುಗರ್, ತೀವ್ರ ಸ್ಲೀಪ್ ಆಪ್ನಿಯಾದಂಥ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು) ತೊಂದರೆ ಇರಬೇಕು. ಅಕ್ಕನ ಬಿಎಂಐ ಸುಮಾರು 42 ಬರುತ್ತದೆ. ಬೇರೆ ವಿಧಾನದಲ್ಲಿ ತೂಕ ಇಳಿಸಲು ನೋಡಿದ್ದಕ್ಕೆ ದಾಖಲೆ ಬೇಕು, ಹಳೆಯ ಚೀಟಿಗಳನ್ನು ಎಸೆಯಬೇಡಿ. ವೇಟಿಂಗ್ ಪೀರಿಯಡ್ (ಪಾಲಿಸಿ ಮಾಡಿಸಿದ ಮೇಲೆ ಕ್ಲೇಮಿಗೆ ಕಾಯಬೇಕಾದ ಅವಧಿ) ಮುಗಿದಿದೆಯಾ ನೋಡಿ, ಅಡ್ಮಿಟ್ ಆಗುವ ಮುಂಚೆಯೇ ಲಿಖಿತ ಒಪ್ಪಿಗೆ ಪಡೆಯಿರಿ.

ಶಿವಮೊಗ್ಗದಿಂದ:

ಎರಡು ಮಾತು ಸೇರಿಸುತ್ತೇನೆ. ಆಪರೇಷನ್ ಆದ ಮೂರನೇ ತಿಂಗಳಿನ ಹೊತ್ತಿಗೆ ನನಗೆ ಕೂದಲು ಹಿಡಿ ಹಿಡಿ ಉದುರಿತು. ವರ್ಷದೊಳಗೆ ವಾಪಸ್ ಬಂತು, ಅಕ್ಕ ಗಾಬರಿಯಾಗುವುದು ಬೇಡ. ಮಗು ಬೇಕು ಅನ್ನುವವರು ಒಂದೂವರೆ ವರ್ಷದಷ್ಟು ಕಾಯಬೇಕು.

ಇನ್ನೊಂದು, ವರ್ಷಗಳು ಕಳೆದ ಮೇಲೂ ಹೊಟ್ಟೆಯಲ್ಲಿ ಜೋರು ನೋವು ಬಂದರೆ ಸುಮ್ನೆ ಗ್ಯಾಸ್ ಅಂತ ಓಮದ ನೀರು ಕುಡಿದು ಕೂರಬೇಡಿ. ತೂಕ ಇಳಿದ ಮೇಲೆ ಒಳಗಿನ ಸಂದಿಯಲ್ಲಿ ಕರುಳು ಸಿಕ್ಕಿಕೊಳ್ಳುವುದುಂಟು. ಆಗ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಆದ್ದರಿಂದ ನಿಮ್ಮ ಸರ್ಜನ್ ಹತ್ತಿರ ಈ ಪ್ರಶ್ನೆ ಕೇಳಿ: "ಮೂರು ವರ್ಷದ ಮೇಲೆ ರಾತ್ರಿ ಹೊಟ್ಟೆನೋವು ಬಂದರೆ ಯಾರಿಗೆ ಫೋನ್ ಮಾಡಬೇಕು?" ಇದಕ್ಕೆ ನೇರ ಉತ್ತರ ಕೊಡುವ ಕಡೆಯೇ ಮಾಡಿಸಿ.